ಮಡಚುವ ಕಾಲು

ಮೊಣಕಾಲು ಮಡಚಿಸುವುದೇ ನನ್ನ ಹೊಟ್ಟೆಪಾಡು. ಶಹಾಪುರದ ಫಿಸಿಯೋಥೆರಪಿಯವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ, ಎಲ್ಲವೂ ಕುಂಟುತ್ತಲೇ ಬರುತ್ತವೆ. ಕಾಲುವೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಯಾದವು. ಕೆಸರಲ್ಲಿ ಬಗ್ಗಿ ಸಸಿ ಹಚ್ಚಿದ ಹೆಂಗಸರೆಲ್ಲ ನನ್ನ ಬಾಗಿಲಿಗೆ ಬಂದರು.

ಗೆರೆ

ವನದುರ್ಗದ ಒಬ್ಬ ಅಜ್ಜಿಗೆ ಎರಡೂ ಮೊಣಕಾಲು ಸವೆದಿದ್ದವು. ಬಚ್ಚಲಿಗೂ ಮಗನ ಹೆಗಲು ಹಿಡಿದು ಹೋಗಬೇಕು. ಈ ಮರ್ಯಾದೆಗೇಡಿಗಿಂತ ಸಾವೇ ವಾಸಿ ಎನ್ನುತ್ತಿದ್ದಳು. ಯಾದಗಿರಿಗೆ ಆಗಾಗ ಬರುವ ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದೆ. ಸವೆದ ಕೀಲು ತೆಗೆದು ಲೋಹದ ಕೀಲು ಕೂಡಿಸಬೇಕೆಂದು ಅವರು ಪರದೆ ತೋರಿಸಿ ವಿವರಿಸಿದರು: ಎಲುಬಿಗೆ ಗುರುತಿನ ಕಡ್ಡಿ ಸಿಗಿಸಿದರೆ ಕ್ಯಾಮೆರಾ ಅದನ್ನು ನೋಡುತ್ತದೆ, ಕಂಪ್ಯೂಟರು ತೊಡೆಯಿಂದ ಹಿಮ್ಮಡಿವರೆಗೆ ನೇರ ಗೆರೆ ಎಳೆದು ಎಲ್ಲಿ ಎಷ್ಟು ಕೊಯ್ಯಬೇಕೆಂದು ಹೇಳುತ್ತದೆ.

ಅಜ್ಜಿ ಪರದೆಯನ್ನೇ ನೋಡಿ, "ಕೆನಾಲಿಗೂ ಹಿಂಗ ಮಷಿನ್ ಇಟ್ಟು ಗೆರಿ ಎಳದಿದ್ರು. ಕಡೀ ಹೊಲಕ್ಕ ಇನ್ನಾ ನೀರು ಬಂದಿಲ್ರಿ" ಅಂದಳು.

ಶರತ್ತು

ಹೇಗೋ ಒಪ್ಪಿಸಿದೆ. ಅಷ್ಟರಲ್ಲಿ ಡಾಕ್ಟರು, ಇನ್ನು ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬಾರದು ಎಂದುಬಿಟ್ಟರು. ಅಜ್ಜಿಯ ಮುಖ ಸಪ್ಪಗಾಯಿತು. ಅಜ್ಜಿಯ ಮಂದಿಯಲ್ಲಿ ಹೆಣವನ್ನು ಮಲಗಿಸಿ ಹೂಳುವುದಿಲ್ಲ. ಕಾಲು ಮಡಚಿ, ಅಂಗೈಯಲ್ಲಿ ಲಿಂಗವಿಟ್ಟು, ಕೂಡಿಸಿ ಹೂಳುತ್ತಾರೆ. ಶಿವನ ಮುಂದೆ ಕಾಲು ಚಾಚಿಕೊಂಡು ಹೋಗಲೇನು ಎಂದು ಅತ್ತಳು. ಎಷ್ಟು ಮಡಚುತ್ತದೆಂದು ಕಂಪ್ಯೂಟರೇ ನೋಡಿರುತ್ತದೆ, ಮಣ್ಣು ಮಾಡುವಾಗ ತೊಂದರೆಯಾಗದು ಎಂದು ಡಾಕ್ಟರು ಸಮಾಧಾನ ಹೇಳಿದರು.

"ಅದು ನನ್ನ ಮಣ್ಣಿಗಿ ಬರತದೇನ್ರಿ?"

ಕೊನೆಗೆ ಬಲಗಾಲಿಗಷ್ಟೇ ಒಪ್ಪಿದಳು, ಅದೂ ಮಣ್ಣಿನ ದಿನ ನಾನೇ ಬಂದು ಮಡಚಬೇಕೆಂಬ ಶರತ್ತಿನ ಮೇಲೆ. ಎಡಗಾಲು ಶಿವ ಕೊಟ್ಟದ್ದು, ಹಾಗೇ ಇರಲಿ ಎಂದಳು. ಅದು ಈಗಲೇ ಸೆಟೆದಿದೆ, ಮಡಚದು ಎಂದು ಬಡಕೊಂಡೆ. ನೋವಿಗೆ ಮಡಚುತ್ತಿಲ್ಲ, ಸತ್ತ ಮೇಲೆ ನೋವೆಲ್ಲಿಯದು ಎಂದು ನನಗೇ ಪಾಠ ಹೇಳಿದಳು.

ಮಣ್ಣು

ಆಪರೇಷನ್ ಆದಮೇಲೆ ಬಚ್ಚಲಿಗೆ ಒಬ್ಬಳೇ ಹೋದಳು, ಕೋಲೂರಿ ಓಣಿಯನ್ನೂ ಸುತ್ತಿದಳು. ಒಂದು ಬೆಳಿಗ್ಗೆ ಮಗ ಫೋನ್ ಮಾಡಿದ: "ಸರ, ಅವ್ವ ಹೋಗ್ಯಾಳ. ಲಗೂನ ಬರ್ರಿ."

ಮೈ ಸೆಟೆಯುವ ಮೊದಲೇ ಕೂಡಿಸಬೇಕು. ಕಣ್ಣು ಒರೆಸಿಕೊಳ್ಳುತ್ತಲೇ ಗಾಡಿ ಓಡಿಸಿದೆ. ನೆರೆದವರ ಕಣ್ಣೆಲ್ಲ ಬಲಗಾಲಿನ ಮೇಲೆ. ಹಿಡಿದು ಒತ್ತಿದೆ. ಬೆಣ್ಣೆಯ ಹಾಗೆ ಮಡಚಿತು. ಎಲ್ಲರೂ ಉಸಿರು ಬಿಟ್ಟರು.

ಎಡಗಾಲು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಾನು ಒತ್ತಿದೆ, ಮಗ ಒತ್ತಿದ, ಬೀಗರು ಬಂದು ಒತ್ತಿದರು. ಅಜ್ಜಿ ಬಲಗಾಲು ಮಡಚಿ, ಎಡಗಾಲು ಚಾಚಿ, ಗೋಡೆಗೊರಗಿ ಕೂತಿದ್ದಳು. ನನಗೆ ಸಂಕಟವಾಯಿತು. ವಿಭೂತಿ ಹಿಡಿದು ನಿಂತಿದ್ದ ಅಯ್ಯನವರು, "ಶಿವ ಕೊಟ್ಟದ್ದ ಮಡಚವಲ್ದು ನೋಡ್ರಿ" ಅಂದರು.

ಮಗ ಎಡಗಾಲನ್ನೇ ನೋಡುತ್ತ ಮೂಗು ಒರೆಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದ.

"ಸರ, ಆ ಡಾಕ್ಟರ್ ಇವತ್ತು ಯಾದಗಿರಿಗಿ ಬಂದಾರೇನ್ರಿ?"