ಬಂಗಾರಪೇಟೆಯಿಂದ ಆರೂವರೆ ಆಟಕ್ಕೆ

ಒಂದು ರೈಲಿನಿಂದ ಒಬ್ಬ ಮನುಷ್ಯನನ್ನು ಇಳಿಸಿಕೊಂಡು, ಇನ್ನೊಂದು ರೈಲಿಗೆ ಹತ್ತಿಸಿ, ಹತ್ತು ಮೈಲಿ ಆಚೆ ಇರುವ ಸ್ಟೇಜಿನ ಮೇಲೆ ಕೂರಿಸುವುದು ಏನು ಮಹಾ ಕೆಲಸ ಎಂದು ಕೇಳುವವರು ಆ ಕೆಲಸ ಮಾಡಿದವರಲ್ಲ. ನಾನು ಎಂಟು ಹತ್ತು ವರ್ಷ ಮಾಡಿದ್ದೇನೆ. ಒಂದು ಸಲವಾದರೂ ನೆಟ್ಟಗೆ ಆಯಿತೇ ಎಂದು ಯೋಚಿಸಿದರೆ ನೆನಪಾಗುವುದಿಲ್ಲ.

ನಾನಾಗ ಕೋಲಾರ ಚಿನ್ನದ ಗಣಿಯ ಉಗ್ರಾಣದಲ್ಲಿ ಗುಮಾಸ್ತ. ಅಲ್ಲಿನ ಮೈಸೂರು ಮೈನ್ಸಿನಲ್ಲಿ ನಮ್ಮದೊಂದು ಕಲಾಸಂಘವಿತ್ತು. ಶನಿವಾರ ಸಂಜೆ ಆರೂವರೆಗೆ ನಾಟಕವೋ ಹರಿಕಥೆಯೋ ಸಂಗೀತ ಕಚೇರಿಯೋ ಏನಾದರೊಂದು ಇರುತ್ತಿತ್ತು. ಹೊರಗಿನಿಂದ ಬರುವ ಕಲಾವಿದರು ನಾಲ್ಕು ಗಂಟೆಯ ಹೊತ್ತಿಗೆ ಬಂಗಾರಪೇಟೆಯಲ್ಲಿ ಇಳಿಯುವರು. ಐದಕ್ಕೆ ಮಾರಿಕುಪ್ಪಂ ಕಡೆಗೆ ಗಣಿ ರೈಲು. ಅದು ತಪ್ಪಿದರೆ ಆ ಸಂಜೆ ಕೈಬಿಟ್ಟ ಹಾಗೆಯೇ. ಶನಿವಾರ ನನಗೆ ಅರ್ಧ ದಿನ ರಜೆ ಎಂಬ ಒಂದೇ ಕಾರಣಕ್ಕೆ ನಮ್ಮ ಕಾರ್ಯದರ್ಶಿಗಳು ಇವರನ್ನೆಲ್ಲ ಕರೆತರುವ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದರು.

೧. ನುಂಗಿದ ಎರಡು ಮಾತು

ಮೈಸೂರಿನ ಕಡೆಯಿಂದ ಒಬ್ಬ ಹೆಸರಾಂತ ನಟರನ್ನು ದುರ್ಯೋಧನನ ಪಾತ್ರಕ್ಕೆ ಕರೆಸಿದ್ದೆವು. ಉಳಿದ ಪಾತ್ರಗಳೆಲ್ಲ ನಮ್ಮ ಸಂಘದವರದೇ. ನಟರು ಇಳಿದರು, ಅವರ ಜೊತೆ ಕಿರೀಟ, ಗದೆ, ಮೀಸೆಗಳಿದ್ದ ದೊಡ್ಡ ಟ್ರಂಕೂ ಇಳಿಯಿತು. ಆವತ್ತು ಅವರ ರೈಲೇ ತಡವಾಗಿದ್ದರಿಂದ ನಾನು, "ತಾವು ಹೋಗಿ ಕೋಲಾರದ ರೈಲಿನಲ್ಲಿ ಕೂತಿರಿ, ಟ್ರಂಕು ಹೊರಿಸಿಕೊಂಡು ಬರ್ತೀನಿ" ಎಂದೆ.

"ಕೋಲಾರ ಚಿನ್ನದ ಗಣಿಯ ರೈಲು" ಎನ್ನಬೇಕಾಗಿತ್ತು. ಅವಸರದಲ್ಲಿ ನುಂಗಿದ್ದು ಎರಡೇ ಮಾತು. ಬಂಗಾರಪೇಟೆಯಿಂದ ಕೋಲಾರ ಪಟ್ಟಣಕ್ಕೂ ಒಂದು ಪುಟ್ಟ ರೈಲು ಹೋಗುತ್ತದೆ, ಗಣಿಗೆ ಹೋಗುವ ದಿಕ್ಕು ಬಿಟ್ಟು ಪೂರಾ ಬೇರೆ ದಿಕ್ಕಿಗೆ.

ಟ್ರಂಕನ್ನು ಗಣಿ ರೈಲಿಗೆ ಏರಿಸಿ ಡಬ್ಬಿಯಿಂದ ಡಬ್ಬಿಗೆ ಹುಡುಕಿದೆ. ದುರ್ಯೋಧನ ಇಲ್ಲ. ಕಿಟಕಿಯಿಂದ ತಲೆ ಹಾಕಿ ನೋಡಿದರೆ ಆಚೆ ಪುಟ್ಟ ರೈಲಿನ ಕಿಟಕಿಯಲ್ಲಿ ಅವರು. ಬೇಗ ಬಂದು ಹತ್ತಿ ಎಂದು ಅವರು ನನಗೆ ಕೈಸನ್ನೆ ಮಾಡಿದರು. ಬೇಗ ಇಳಿಯಿರಿ ಎಂದು ನಾನು ಅವರಿಗೆ ಕೈಸನ್ನೆ ಮಾಡಿದೆ. ಇಬ್ಬರೂ ಹೀಗೆ ಕೈ ಬೀಸುತ್ತಿರುವಾಗ ಎರಡೂ ರೈಲು ಹೊರಟವು.

ಸಂಘದ ಹಾಲ್ ತಲುಪಿದಾಗ ಕಾರ್ಯದರ್ಶಿಗಳು, "ಎಲ್ರೀ ದುರ್ಯೋಧನ?" ಎಂದರು.

"ಕೋಲಾರಕ್ಕೆ ಹೋದರು."

"ಇದೇ ಕೋಲಾರ ಅಲ್ವೇನ್ರೀ?"

ವಿವರಿಸಲು ಹೊತ್ತಿರಲಿಲ್ಲ. ಮೀಸೆ ಬಂದಿತ್ತು, ಮೀಸೆಯವರು ಬಂದಿರಲಿಲ್ಲ. ಅದನ್ನು ನನಗೇ ಅಂಟಿಸಿದರು. ಆ ಸಂಜೆಯ ಬಗ್ಗೆ ಹೆಚ್ಚು ಹೇಳಲಾರೆ.

ಮರುದಿನ ಬೆಳಿಗ್ಗೆ ನಟರು ನಗುನಗುತ್ತಲೇ ಬಂದರು. ಕೋಲಾರದಲ್ಲಿ ಇಳಿದು, ನಾಟಕ ಎಲ್ಲಿ ಎಂದು ಕೇಳಿದರಂತೆ. ಅಲ್ಲೂ ಆವತ್ತು ಯಾರದೋ ನಾಟಕವಿತ್ತು. ತೋರಿಸಿದ್ದಾರೆ. ಇವರು ಹೋಗಿ ಪರದೆಯ ಪಕ್ಕದಲ್ಲಿ ಕೂತಿದ್ದಾರೆ.

"ನಿಮ್ಮ ಹುಡುಗರು ಚೆನ್ನಾಗೇ ಮಾಡಿದರು ಕಣ್ರೀ" ಎಂದರು. "ರಾಮಾಯಣದೊಳಗೆ ದುರ್ಯೋಧನನನ್ನ ಎಲ್ಲಿ ತಂದು ಸೇರಿಸ್ತಾರೋ ನೋಡೋಣ ಅಂತ ಪಟ್ಟಾಭಿಷೇಕದವರೆಗೂ ಕಾದೆ. ನನ್ನ ಸರದಿ ಬರಲೇ ಇಲ್ಲ."

೨. ಹೊಸ ಟೈಮು, ಹಳೇ ಟೈಮು

ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರದವರು ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರು. ರೈಲು, ಗಣಿಯ ಸೈರನ್ನು, ಕಚೇರಿ ಎಲ್ಲ ಹೊಸ ಟೈಮು. ಮನೆ, ದೇವಸ್ಥಾನ, ಹಾಲು ಕರೆಯುವ ಎಮ್ಮೆ ಎಲ್ಲ ಹಳೇ ಟೈಮು. ಯಾರಾದರೂ ಗಂಟೆ ಹೇಳಿದರೆ, ಯಾವ ಗಂಟೆ ಎಂದು ಮತ್ತೆ ಕೇಳಬೇಕಾಗುತ್ತಿತ್ತು.

ಅಂಥದರಲ್ಲಿ ಒಬ್ಬ ಜಾದೂಗಾರರನ್ನು ಕರೆಸಿದೆವು. ನಾಲ್ಕು ಗಂಟೆಗೆ ಇಳಿಯುತ್ತೇನೆ ಎಂದು ಬರೆದಿದ್ದರು. ನಾನು ಮನೆಯಲ್ಲಿ ಊಟ ಮುಗಿಸಿ, ಮನೆಯ ಗಡಿಯಾರ ನೋಡಿಕೊಂಡು ಬಸ್ಸಿನಲ್ಲಿ ಹೊರಟು, ಸರಿಯಾಗಿ ನಾಲ್ಕಕ್ಕೆ ಬಂಗಾರಪೇಟೆಯಲ್ಲಿದ್ದೆ. ಸ್ಟೇಷನ್ನಿನ ಗಡಿಯಾರದಲ್ಲಿ ಐದು. ಜಾದೂಗಾರರು ಪೆಟ್ಟಿಗೆಯ ಮೇಲೆ ಒಂದು ಗಂಟೆಯಿಂದ ಕೂತಿದ್ದರು. ಆಗಲೇ ಹೊರಟುಹೋಗಿದ್ದ ಗಣಿ ರೈಲಿನ ಹೊಗೆ ಮಾತ್ರ ಕಾಣುತ್ತಿತ್ತು.

ಹೊರಗೆ ಒಂದು ಜಟಕಾ ಸಿಕ್ಕಿತು. ಓಡಿಸುವ ಮುದುಕ, "ಒಂದೂವರೆ ಗಂಟೇಲಿ ಓಗ್ಬುಡ್ತೀನಿ ಸ್ವಾಮಿ" ಎಂದ. ಹಾಗೆ ಹೋದರೆ ಸರಿಯಾಗಿ ಹೊಸ ಆರೂವರೆ. ಸಮಾಧಾನವಾಯಿತು. ದಾರಿಯಲ್ಲಿ ಒಂದು ಹುಣಸೇಮರದ ಕೆಳಗೆ ಕುದುರೆ ತಾನಾಗಿ ನಿಂತಿತು. ಮುದುಕ ಇಳಿದು ಹುಲ್ಲು ಬಿಚ್ಚಿದ.

"ಏನಪ್ಪಾ ಇದು?"

"ಐದು ಗಂಟೆ ಆಯ್ತಲ್ಲ ಸ್ವಾಮಿ. ಇದು ದಿನಾ ಐದಕ್ಕೆ ಮೇಯ್ತದೆ. ಮೇಯೋಕೆ ಒಂದ್ಗಂಟೆ ಬೇಕು."

"ಈಗ ಆರು ಗಂಟೆ ಕಣಯ್ಯಾ."

"ಅದು ನಿಮ್ಗೆ. ಇದಕ್ಕೆ ಯಾರೂ ಯೋಳಿಲ್ಲ."

ಕುದುರೆಗೆ ಹೇಳುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ಅದು ಮೇಯ್ದು ಮುಗಿಸಿ, ನಾವು ಹಾಲ್ ಮುಟ್ಟಿದಾಗ ಹೊಸ ಟೈಮು ಏಳೂವರೆ. ಹೊಸ ಟೈಮಿಗೆ ಬಂದವರು ಕಾದು ಬೇಸತ್ತು ಹೊರಗೆ ಬರುತ್ತಿದ್ದರು. ಹಳೇ ಟೈಮಿನವರು ಈಗ ತಾನೇ ಆರೂವರೆಯೆಂದು ಒಳಗೆ ನುಗ್ಗುತ್ತಿದ್ದರು. ಬಾಗಿಲಲ್ಲಿ ಇಬ್ಬರೂ ಸಿಕ್ಕಿಕೊಂಡು ಯಾರೂ ಅಲ್ಲಾಡದಂತಾಗಿತ್ತು.

ಜಾದೂಗಾರರು ಜಟಕಾದಲ್ಲೇ ಕೂತು ಅದನ್ನು ನೋಡಿದರು. ಆಮೇಲೆ ಮೆಲ್ಲಗೆ, "ನಾನು ಹೆಚ್ಚೆಂದರೆ ಒಂದು ಪಾರಿವಾಳ ಮಾಯ ಮಾಡ್ತೀನಿ. ಇಡೀ ಒಂದು ಗಂಟೆ ಮಾಯ ಮಾಡೋ ಊರಿಗೆ ನನ್ನನ್ನ ಯಾಕೆ ಕರೆಸಿದಿರಿ?" ಎಂದರು.

೩. ಇದ್ದಿಲ ಬಸ್ಸು

ಅದೇ ಯುದ್ಧದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಗೆ. ಏರು ಬಂದರೆ ಜನ ಇಳಿದು, ಇದ್ದಿಲ ಒಲೆಯಿದ್ದ ಹಿಂಭಾಗದಿಂದ ತಳ್ಳಬೇಕಿತ್ತು.

ಒಂದು ಶನಿವಾರ ಹರಿಕಥೆಯ ದಾಸರೊಬ್ಬರನ್ನು ಆ ಬಸ್ಸಿನಲ್ಲಿ ಕರೆತಂದೆ. ಆವತ್ತು ಡ್ರೈವರನ ಮನೆಯಲ್ಲಿ ಏನೋ ಶುಭಕಾರ್ಯವಂತೆ. ಬಿಳೀ ಪಂಚೆ, ಜರಿ ಶಲ್ಯ, ಹಣೆಯಲ್ಲಿ ದೊಡ್ಡ ನಾಮ ಇಟ್ಟುಕೊಂಡು ಹಾಗೆಯೇ ಕೆಲಸಕ್ಕೆ ಬಂದಿದ್ದ. ದಾಸರೂ ಹೀಗೆಯೇ ಬಿಳೀ ಪಂಚೆ ಉಟ್ಟು ಬಂದಿದ್ದರು. ಆದರೆ ಡ್ರೈವರ್ ತಳ್ಳುವಂತಿಲ್ಲ, ದಾಸರು ತಳ್ಳದೆ ಗತಿಯಿಲ್ಲ. ಮೂರು ಏರು ಮುಗಿಯುವಷ್ಟರಲ್ಲಿ ದಾಸರ ಮುಖ, ಪಂಚೆ, ಶಲ್ಯ ಎಲ್ಲ ಒಂದೇ ಬಣ್ಣವಾಗಿದ್ದವು.

ಬಸ್ಸು ಆರೂವರೆಗೆ ಐದು ನಿಮಿಷ ಇರುವಾಗ ಹಾಲ್ ಮುಂದೆ ನಿಂತಿತು. ನಮ್ಮ ಅಧ್ಯಕ್ಷರು ಹೊಸಬರು, ದಾಸರನ್ನು ಕಂಡವರಲ್ಲ. ಹಾರ ಹಿಡಿದು ನಿಂತಿದ್ದವರು ನೇರ ಮುಂದಿನ ಬಾಗಿಲಿಗೆ ಹೋಗಿ ಡ್ರೈವರನ ಕೊರಳಿಗೆ ಹಾಕಿ, ಕಾಲಿಗೂ ನಮಸ್ಕಾರ ಮಾಡಿದರು. ಹಿಂದಿನಿಂದ ಇಳಿದ ದಾಸರಿಗೆ, "ನೀನು ಆ ಪೆಟ್ಟಿಗೆ ಇಳಿಸಪ್ಪ" ಎಂದರು. ದಾಸರು ಏನೂ ತಿಳಿಯದೆ ಇಳಿಸಿದರು.

ನಾನು ಓಡಿ ಹೋಗಿ ಬಿಡಿಸಿ ಹೇಳಿದೆ. ಅಧ್ಯಕ್ಷರು ದಾಸರ ಕೈ ಹಿಡಿದು ಕ್ಷಮೆ ಕೇಳಿದರು. ಡ್ರೈವರ್ ಮಾತ್ರ ಹಾರ ತೆಗೆಯಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ನನಗೆ ಹೇಳಿದ: "ಇಷ್ಟು ವರ್ಸದಲ್ಲಿ ಒಂದೇ ಒಂದು ದಿವ್ಸ ಟೈಮಿಗೆ ಬಂದಿವ್ನಿ ಸಾಮಿ. ಅದನ್ನೂ ಗಮನಿಸಿ ಆರ ಆಕೋ ಜನ ಇಲ್ಲಿ ಅವ್ರೆ ಅಂತ ಗೊತ್ತಿರಲಿಲ್ಲ."

೪. ಹಾಡಬೇಕಾದವರು ಯಾರು

ಬೆಂಗಳೂರಿನಿಂದ ಬರುವ ಸಂಗೀತ ವಿದ್ವಾಂಸರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. "ಮೂವತ್ತರ ಪ್ರಾಯ, ಜರಿ ಪೇಟ, ಕರೀ ಕೋಟು. ತಪ್ಪುವ ಹಾಗೇ ಇಲ್ಲ" ಎಂದಿದ್ದರು ಯಾರನ್ನೋ ವಿಚಾರಿಸಿಕೊಂಡಿದ್ದ ಕಾರ್ಯದರ್ಶಿಗಳು. ರೈಲು ನಿಂತಿತು. ಮುಂದಿನ ಡಬ್ಬಿಯಿಂದಲೇ ಜರಿ ಪೇಟ, ಕರೀ ಕೋಟು ಇಳಿಯಿತು. ಹೋಗಿ ಹಾರ ಹಾಕಿದೆ.

"ಸಂಜೆ ಕಾರ್ಯಕ್ರಮಕ್ಕೆ ಬಂದವರು ತಾವೇ ತಾನೇ?"

ಅವರು ನಾಚಿಕೊಂಡು ಹೌದೆಂದರು. ವಿದ್ವಾಂಸರು ಇಷ್ಟು ವಿನಯದವರೇ ಎಂದು ನನಗೆ ಸಂತೋಷವಾಯಿತು. ಗಣಿ ರೈಲಿನಲ್ಲಿ ಎದುರುಬದುರು ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವರು, "ತುಂಬಾ ಜನ ಇರ್ತಾರೋ?" ಎಂದು ಕೇಳಿದರು.

"ಮುನ್ನೂರಕ್ಕೆ ಮೋಸವಿಲ್ಲ."

ಅವರ ಮುಖ ಬಿಳುಪೇರಿತು. "ಮನೆಯವರು ನಾಲ್ಕು ಜನ ಇರ್ತಾರೆ ಅಂದುಕೊಂಡಿದ್ದೆ."

"ಎಲ್ಲಾದರೂ ಉಂಟೇ? ತಮ್ಮನ್ನು ನೋಡಬೇಕು ಅಂತ ಸುತ್ತಮುತ್ತಲಿಂದೆಲ್ಲ ಬಂದಿದ್ದಾರೆ."

"ನಾನು ಎಷ್ಟು ಹೊತ್ತು ಕೂತಿರಬೇಕು?"

"ಮೂರು ಗಂಟೆಯಾದರೂ ಬೇಕು. ಅದಕ್ಕಿಂತ ಮುಂಚೆ ಜನ ಏಳೋಕೆ ಬಿಡೋದಿಲ್ಲ."

ದಾರಿಯುದ್ದಕ್ಕೂ ಅವರು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ಆರೂವರೆಗೆ ಸ್ಟೇಜಿನ ಮೇಲೆ ಕೂರಿಸಿ, ಹಿಂದೆ ತಂಬೂರಿ ಇಟ್ಟೆವು. ಪರದೆ ಎದ್ದಿತು. ಜನ ಚಪ್ಪಾಳೆ ತಟ್ಟಿದರು. ಮೃದಂಗದವರು ಬಗ್ಗಿ, "ಶ್ರುತಿ ಯಾವುದು?" ಎಂದು ಕೇಳಿದರು.

"ಶ್ರುತಿಯೇ? ಅವಳ ಹೆಸರು ಸಾವಿತ್ರಿ ಅಂತ ಹೇಳಿದ್ದರಲ್ಲ" ಎಂದರು ಅವರು.

ಮೃದಂಗದವರು ನನ್ನ ಮುಖ ನೋಡಿದರು. ನಾನು ಹತ್ತಿರ ಹೋಗಿ, "ಜನ ಕಾಯ್ತಿದ್ದಾರೆ, ಹಾಡಬೇಕು" ಎಂದು ಪಿಸುಗುಟ್ಟಿದೆ. ಅಷ್ಟು ಹೊತ್ತು ತಡೆದುಕೊಂಡಿದ್ದ ಅವರಿಗೂ ರೇಗಿತು. "ಏನ್ರೀ ಪದ್ಧತಿ ನಿಮ್ಮದು? ಹುಡುಗಿ ನೋಡೋಕೆ ಬಂದವನು ನಾನು. ಹಾಡಬೇಕಾದ್ದು ಅವಳು" ಎಂದರು. ಮೂರನೇ ಸಾಲಿನವರೆಗೂ ಕೇಳಿಸಿತು.

ಆಮೇಲೆ ತಿಳಿದದ್ದು ಇಷ್ಟು. ಅವರು ಬೆಂಗಳೂರಿನಲ್ಲಿ ಮೇಷ್ಟ್ರು. ಹತ್ತಿರದ ಕ್ಯಾಸಂಬಳ್ಳಿಯ ಶಾನುಭೋಗರ ಮಗಳನ್ನು ಹಿರಿಯರು ಮೊದಲೇ ನೋಡಿ ಒಪ್ಪಿದ್ದರು. ಹುಡುಗ ಒಬ್ಬನೇ ಬಂದು ಒಂದು ಸಲ ನೋಡಿ ಹೋಗಬೇಕಿತ್ತು. ಹುಡುಗಿಯ ಮನೆಯವರು ಹುಡುಗನ ಮುಖ ಕಂಡಿರಲಿಲ್ಲ. ಸ್ಟೇಷನ್ನಿಗೆ ಅವರೂ ಗಾಡಿ ಕಳಿಸಿದ್ದರು. ಗಾಡಿಯವನಿಗೂ ಹೇಳಿದ್ದು ಜರಿ ಪೇಟ, ಕರೀ ಕೋಟು. ಹಿಂದಿನ ಡಬ್ಬಿಯಿಂದ ಇಳಿದು ನನ್ನನ್ನೇ ಹುಡುಕುತ್ತಿದ್ದ ವಿದ್ವಾಂಸರ ಹತ್ತಿರ ಹೋಗಿ, "ಬೆಂಗ್ಳೂರಿಂದ ಬಂದೋರು ನೀವೇ ಅಲ್ವಾ ಸ್ವಾಮಿ? ಎಲ್ರೂ ಕಾಯ್ತಾ ಅವ್ರೆ, ಬಿರ್ನೆ ಬನ್ನಿ" ಎಂದು ಹತ್ತಿಸಿಕೊಂಡು ಹೊರಟುಹೋಗಿದ್ದ.

ಮರುದಿನ ಮೇಷ್ಟ್ರನ್ನು ನಾನೇ ಕ್ಯಾಸಂಬಳ್ಳಿಗೆ ಕರೆದುಕೊಂಡು ಹೋದೆ. ಹುಡುಗಿಯನ್ನು ಕಂಡರು, ಒಪ್ಪಿದರು, ಮದುವೆಯೂ ಆಯಿತು. ಆದರೆ ನಾವು ಹೋದಾಗ ಶಾನುಭೋಗರು ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದರು. ಹಿಂದಿನ ಸಂಜೆ ವಿದ್ವಾಂಸರಿಗೆ ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಚಾಪೆಯ ಮೇಲೆ ಕೂರಿಸಿದ್ದರಂತೆ. ಕಚೇರಿಗೆ ಮುಂಚೆ ಈ ಮನೆಯವರು ಮಗಳ ಸಂಗೀತ ಕೇಳಿಸುತ್ತಿದ್ದಾರೆ ಎಂದು ವಿದ್ವಾಂಸರು ತಿಳಿದರಂತೆ. ಹುಡುಗಿ ತಲೆ ಬಗ್ಗಿಸಿ ಒಂದು ದೇವರನಾಮ ಹಾಡಿದಳು. ವಿದ್ವಾಂಸರು ಮಧ್ಯೆ ಎರಡು ಸಲ ನಿಲ್ಲಿಸಿ ತಿದ್ದಿದರು. ಹಾಡು ಮುಗಿದ ಮೇಲೆ ಶಾನುಭೋಗರು ಕೈ ಮುಗಿದು, "ಹುಡುಗಿ ಹೇಗೆ? ತಮಗೆ ಒಪ್ಪಿಗೆಯೇ?" ಎಂದು ಕೇಳಿದರು.

ವಿದ್ವಾಂಸರು ಸ್ವಲ್ಪ ಯೋಚಿಸಿ, "ಪರವಾಗಿಲ್ಲ. ಎರಡು ವರ್ಷ ನಮ್ಮ ಮನೆಯಲ್ಲಿ ಬಿಡಿ, ನನ್ನ ಹೆಂಡತಿಗೂ ಒಬ್ಬಳು ಜೊತೆಯಾಗ್ತಾಳೆ. ತಿದ್ದಿ ವಾಪಸ್ ಕಳಿಸ್ತೀನಿ" ಎಂದರಂತೆ.