ಮಾವನ ತಲೆಗೊಂದು ಹೆಡ್‌ಫೋನ್

ಇದುವರೆಗೆ ಭೂಮಿಯ ಮೇಲೆ ತಯಾರಾದ ಯಾವ ಹೆಡ್‌ಫೋನೂ ನಮ್ಮ ಸೋದರಮಾವನ ತಲೆಗೆ ಸರಿಹೋಗಿಲ್ಲ. ದೋಷ ಹೆಡ್‌ಫೋನಿನದು ಎಂದು ಮಾವ ಹೇಳುತ್ತಾರೆ. ದೋಷ ತಲೆಯದು ಎಂದು ಅತ್ತೆ ಹೇಳುತ್ತಾರೆ. ನಾನು ಸಂಖ್ಯಾಶಾಸ್ತ್ರ ಓದಿದವಳು. ಏಳು ಹೆಡ್‌ಫೋನ್ ಬದಲಾಗಿ ತಲೆ ಮಾತ್ರ ಅದೇ ಇರುವಾಗ ಅನುಮಾನ ಯಾವುದರ ಮೇಲೆ ಹೋಗಬೇಕು ಎಂಬುದು ನನಗೆ ಗೊತ್ತು. ಆದರೆ ಅವರದೇ ಮನೆಯಲ್ಲಿ ಕೂತು ಮುದ್ದೆ ಮುರಿಯುತ್ತಾ ಹಾಗೆಲ್ಲ ಹೇಳಲಾದೀತೇ?

ಮಾವನಿಗೆ ಐವತ್ತಮೂರು ವರ್ಷ. ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಶಾಲೆಯಿದ್ದ ದಿನ ಟಿ.ಸಿ. ಬರೆಯುತ್ತಾರೆ, ಹಾಜರಿ ಪುಸ್ತಕಕ್ಕೆ ರಟ್ಟು ಹಾಕುತ್ತಾರೆ. ಮುಹೂರ್ತವಿದ್ದ ದಿನ ಅವರು ಡಿಜೆ! ಈಗ ನಿಮ್ಮ ಕಣ್ಣ ಮುಂದೆ ಕೂದಲಿಗೆ ಬಣ್ಣ ಹಚ್ಚಿದ ತರುಣನೊಬ್ಬ ಬಂದು ನಿಂತಿದ್ದರೆ ದಯವಿಟ್ಟು ಅವನನ್ನು ಕಳುಹಿಸಿಬಿಡಿ. ನಮ್ಮ ಮಾವನದು ಇಸ್ತ್ರಿ ಹಾಕಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಮದುವೆ ಮನೆಯಲ್ಲಿ ಯಾರಾದರೂ ಬಂದು ಇಂಥ ಹಾಡು ಹಾಕಿ ಎಂದರೆ ಅವರು ತಲೆಯನ್ನೂ ಎತ್ತುವುದಿಲ್ಲ.

"ಬಾಯಿಮಾತಲ್ಲಿ ಆಗಲ್ಲಪ್ಪ. ಬರೆದು ಕೊಡಿ."

ಕುಣಿಯಲು ಬಂದವರು ಚೀಟಿ ಬರೆದು ಸರತಿಯಲ್ಲಿ ನಿಲ್ಲುವ ಡಿಜೆ ಇಡೀ ಜಿಲ್ಲೆಯಲ್ಲಿ ಇದೊಂದೇ. ಚೀಟಿಗಳನ್ನೆಲ್ಲ ಟ್ಯಾಗಿಗೆ ಪೋಣಿಸಿ, ಕ್ರಮಸಂಖ್ಯೆ ಹಾಕಿ, ಮಾವನ ಎಡಗಡೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಂದೊಂದಾಗಿ ಓದಿ ಹೇಳುವುದು ನನ್ನ ಕೆಲಸ.

ನಾನು ಎರಡು ವರ್ಷದಿಂದ ಜಂಗಮಕೋಟೆಯಲ್ಲಿ ಅವರ ಮನೆಯಲ್ಲೇ ಇದ್ದೇನೆ. ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪಾಠ ಚೆನ್ನಾಗಿ ಮಾಡುತ್ತೇನೆಂದು ಮೊದಲ ಬೆಂಚಿನವರು ಹೇಳುತ್ತಾರೆ. ಎರಡನೆಯ ಬೆಂಚಿನಿಂದ ಹಿಂದಕ್ಕೆ ಇನ್ನೂ ಅಭಿಪ್ರಾಯ ಬಂದಿಲ್ಲ, ಏಕೆಂದರೆ ಅಲ್ಲಿಗೆ ನನ್ನ ಧ್ವನಿ ತಲುಪುವುದಿಲ್ಲ. ಅತ್ತೆ ಇದನ್ನು ತಮ್ಮ ಕಸುಬಿನ ಭಾಷೆಯಲ್ಲಿ ಹೇಳುತ್ತಾರೆ. ಅವರು ರೇಷ್ಮೆ ಹುಳು ಸಾಕುವವರು.

"ನಮ್ಮ ಹುಳ ಸೊಪ್ಪು ಮೇದ್ರೂ ಒಂದು ಸದ್ದು ಬರುತ್ತೆ ಕಣೇ. ನೀನು ಬಾಯಿ ಬಿಟ್ರೆ ಅದೂ ಬರಲ್ಲ!"

ಮನೆಯಲ್ಲಿ ಹೆಡ್‌ಫೋನ್ ಬೇಕಾದದ್ದೇ ಈ ಹುಳುಗಳಿಂದ. ಮಾವ ದಿನವೂ ಶಾಲೆಯಿಂದ ಬಂದು ಕೈಕಾಲು ತೊಳೆದು ಹಾಡು ಜೋಡಿಸುವ ಅಭ್ಯಾಸ ಮಾಡುತ್ತಾರೆ. ಅವರ ಕೋಣೆಯ ಗೋಡೆಯಾಚೆಗೇ ಹುಳುವಿನ ಮನೆ. ಹುಳು ಪೊರೆ ಬಿಡುವ ಮೊದಲು ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಹಿಂದೊಮ್ಮೆ ಎರಡನೇ ಜ್ವರದ ಹೊತ್ತಿನಲ್ಲಿ ಮಾವ ಸ್ಪೀಕರ್ ಹಾಕಿದಾಗ ಅತ್ತೆ ಸೊಪ್ಪಿನ ಮಂಕರಿಯೊಂದಿಗೇ ಒಳಗೆ ನುಗ್ಗಿದರಂತೆ.

"ಜ್ವರ ಬಂದೋರ ಮುಂದೆ ಯಾರಾದ್ರೂ ತಮಟೆ ಬಾರಿಸ್ತಾರೇನ್ರೀ?"

ಹುಳುವಿಗೆ ಕಿವಿಯೇ ಇಲ್ಲ ಎಂದು ಮಾವ ವಾದಿಸಿದರು. "ಕಿವಿ ಇರೋ ನೀವು ನನ್ನ ಮಾತು ಎಷ್ಟು ಕೇಳ್ತೀರ?" ಎಂದರು ಅತ್ತೆ. ವಾದ ಅಲ್ಲಿಗೆ ಮುಗಿಯಿತು. ಅಂದಿನಿಂದ ಮನೆಯಲ್ಲಿ ಸ್ಪೀಕರ್ ನಿಷೇಧ.

ಮದುವೆಯಲ್ಲಂತೂ ಹೆಡ್‌ಫೋನ್ ಇಲ್ಲದೆ ಆಗುವುದೇ ಇಲ್ಲ. ಛತ್ರದ ಜನ ಒಂದು ಹಾಡಿಗೆ ಕುಣಿಯುತ್ತಿರುವಾಗಲೇ ಡಿಜೆಯಾದವರು ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ಗುಟ್ಟಾಗಿ ಕೇಳಿ, ಎಲ್ಲಿಂದ ಬಿಡಬೇಕೆಂದು ಗುರುತು ಮಾಡಿಕೊಳ್ಳಬೇಕು. ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಕಿವಿ ಹೊರಗಿನ ಲೋಕಕ್ಕೆ. ಮಾವ ಯಾವಾಗಲೂ ಬಲಗಿವಿಯ ಮೇಲೆ ಹೆಡ್‌ಫೋನ್ ಇಟ್ಟು ಎಡಗಿವಿಯದನ್ನು ಹಿಂದಕ್ಕೆ ತಳ್ಳಿರುತ್ತಾರೆ. ಮನೆಯಲ್ಲೂ ಹಾಗೆಯೇ. ಅದು ಡಿಜೆಗಳ ಠೀವಿ ಎಂದುಕೊಂಡು ನಾನು ಸುಮ್ಮನಿದ್ದೆ.

ವಿಷಯ ಕೆಟ್ಟದ್ದು ಚಿಂತಾಮಣಿಯ ಒಂದು ಆರತಕ್ಷತೆಯಲ್ಲಿ. ಮದುಮಕ್ಕಳು ಬಾಗಿಲಿನಿಂದ ವೇದಿಕೆಗೆ ನಡೆದು ಬರುವುದಕ್ಕೆಂದು ಒಂದು ಹಾಡು ನಿಗದಿಯಾಗಿತ್ತು. ಮಾವ ಅದನ್ನು ಬಿಟ್ಟರು, ಕೊನೆಯ ಸಾಲುಗಳಿಂದ! ಹುಡುಗ ಹುಡುಗಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಾಡು ಮುಗಿದುಹೋಯಿತು. ವಿಡಿಯೋದವನು ಕೈ ಅಡ್ಡ ಹಿಡಿದು, "ಇನ್ನೊಂದ್ಸಲ ಬಾಗ್ಲಿಂದ ಬನ್ನಿ ಅಕ್ಕ" ಎಂದ. ಎರಡನೆಯ ಸಲ ಒಂದರ ಮೇಲೊಂದು ಎರಡು ಹಾಡು ಓಡಿದವು. ಅಕ್ಕ ಮತ್ತೆ ಬಾಗಿಲಿಗೆ ಹೋದಳು. ಮೂರನೆಯ ಸಲ ಹಾಡು ಸರಿಯಾಗಿತ್ತು, ಹುಡುಗನ ಕೋಟು ಬೆವರಿನಲ್ಲಿ ತೊಯ್ದಿತ್ತು. ಹುಡುಗನ ಅಜ್ಜಿ ನಮ್ಮ ಮೇಜಿನ ಬಳಿ ಬಂದು ಬಹಳ ಮರ್ಯಾದೆಯಿಂದ ಕೇಳಿದರು.

"ಏನಪ್ಪಾ, ನಮ್ಮಲ್ಲಿ ಹೆಣ್ಣು ತುಂಬಿಸ್ಕೊಳ್ಳೋದು ಒಂದೇ ಸಲ. ನಿಮ್ಮ ಕಡೆ ಮೂರು ಸಲಾನಾ?"

ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. ಅತ್ತೆಯ ತವರು ಚಿಂತಾಮಣಿಯ ಕಡೆ. ಸಿಟ್ಟು ಬಂದರೆ ಅವರ ಕನ್ನಡ ತೆಲುಗಾಗುತ್ತದೆ.

"ಏಮಂಡಿ! ನಮ್ಮ ತವರವರ ಎದುರಿಗೇ ಮಾನ ಕಳೆದ್ರಲ್ಲ! ಕೇಳ್ಕೊಳ್ಳಿ. ಇನ್ನೊಂದು ಮದುವೆ ಹಿಂಗೆ ಮಾಡಿದ್ರೆ ಆ ಡಿಜೆ ಸೆಟ್ ಮನೆಯಲ್ಲಿರಲ್ಲ. ಮಾರಿಸಿಬಿಡ್ತೀನಿ."

ಅತ್ತೆ ಆಡಿದ್ದನ್ನು ಮಾಡುವವರು. ಮಾವ ಕತ್ತು ಉಜ್ಜಿಕೊಂಡು, "ತಪ್ಪು ನಂದಲ್ಲ, ಹೆಡ್‌ಫೋನ್‌ದು. ಕಿವಿ ನೋಯುತ್ತೆ, ಗಮನ ನಿಲ್ಲಲ್ಲ. ಮೆತ್ತಗಿರೋದೊಂದು ಸಿಕ್ಕಿದ್ರೆ ಎಲ್ಲ ಸರಿಹೋಗುತ್ತೆ" ಎಂದರು. ಮುಂದಿನ ಮದುವೆ ನಂದಿಯಲ್ಲಿ, ಎರಡು ತಿಂಗಳಿತ್ತು. ಬೇಟೆ ಶುರುವಾಯಿತು.

ಮಾವನ ಷರತ್ತು ಒಂದೇ. ಮದುವೆಗೂ ಅದೇ, ಮನೆಗೂ ಅದೇ. ಅಂದರೆ ಡಿಜೆ ಮೇಜಿನ ಮೇಲೆ ಗಟ್ಟಿಮುಟ್ಟಾಗಿರಬೇಕು, ಹಸುವಿನ ಹಾಲು ಕರೆಯುವಾಗ ಹೂವಿನಂತೆ ಹಗುರವಾಗಿರಬೇಕು. ಇಂಥ ಗುಣಗಳಿರುವ ಸೊಸೆಯನ್ನೇ ಯಾರೂ ಇನ್ನೂ ಕಂಡಿಲ್ಲ, ಹೆಡ್‌ಫೋನ್ ಎಲ್ಲಿಂದ ಬರಬೇಕು?

ಮೊದಲು ಬಂದದ್ದು ಇಕ್ಕಳದ ಜಾತಿಯದು. ಹಾಕಿಕೊಂಡ ಹತ್ತು ನಿಮಿಷಕ್ಕೆ ಮಾವನ ಕಣ್ಣು ಸ್ವಲ್ಪ ಹೊರಬಂದಂತೆ ಕಂಡವು. ಆಮೇಲೆ ಸಡಿಲ ಜಾತಿಯದು ಬಂತು. ಅದು ತಲೆಯ ಮೇಲೆ ಚೆನ್ನಾಗಿಯೇ ಕೂತಿತ್ತು, ಬೆಳಿಗ್ಗೆ ಹಾಲು ಕರೆಯಲು ಬಗ್ಗುವವರೆಗೆ. ಬಗ್ಗಿದ ಕೂಡಲೇ ಜಾರಿ ನೊರೆಹಾಲಿನ ಬಕೆಟ್ಟಿನಲ್ಲಿ ಮುಳುಗಿತು. ಮಾವ ಅದನ್ನೆತ್ತಿ ಒರೆಸಿ ಮತ್ತೆ ತಲೆಗೇ ಹಾಕಿಕೊಂಡು ಡೈರಿಗೆ ಹೋದರು. ಕಿವಿಯಿಂದ ಹಾಲು ತೊಟ್ಟಿಕ್ಕುತ್ತಿರುವುದನ್ನು ಕಂಡು ಡೈರಿಯವನು, "ಸಾರ್, ಇವತ್ತು ಕರೆದಿದ್ದು ಹಸೂನಾ, ನಿಮ್ಮನ್ನಾ?" ಎಂದು ಕೇಳಿದನಂತೆ. ಡೈರಿಯವನು ಬೇಡವೆಂದ ಆ ಹಾಲನ್ನು ಕರುವಿಗೆ ಕುಡಿಸಿದರು. ಹೆಡ್‌ಫೋನನ್ನು ಬಿಸಿಲಿಗೆ ಹಾಕಿದರು.

ಮೂರನೆಯದು ಕಿವಿಯೊಳಗೆ ಕೂರುವ ಸಣ್ಣ ಬಿಳಿ ಗುಂಡು, ತಂತಿಯಿಲ್ಲದ್ದು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಮಾವ ಅದನ್ನು ಹಾಕಿಕೊಂಡೇ ಸಹಾಯಕ್ಕೆ ಹೋದರು. ಬರುವಾಗ ಒಂದೇ ಇತ್ತು. ಮನೆಯೆಲ್ಲ ಹುಡುಕಿದೆವು. ನಾಲ್ಕು ದಿನದ ಮೇಲೆ ಗೂಡು ಬಿಡಿಸುತ್ತಿದ್ದ ಅತ್ತೆ ಒಂದನ್ನೆತ್ತಿ ಬೆಳಕಿಗೆ ಹಿಡಿದರು. ಚಂದ್ರಿಕೆಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಆ ಗುಂಡನ್ನೇ ಆಸರೆ ಮಾಡಿಕೊಂಡು ಹುಳುವೊಂದು ನೀಟಾಗಿ ಗೂಡು ಕಟ್ಟಿ ಮಲಗಿತ್ತು!

"ನೋಡಿ, ಹುಳಕ್ಕೂ ಸರಿಹೋಯ್ತು," ಎಂದರು ಅತ್ತೆ. "ನಿಮಗೊಬ್ರಿಗೇ ಸರಿಹೋಗಲ್ಲ."

ಆಮೇಲಿನದಕ್ಕೆ ಕರಿ ತೊಗಲಿನಂಥ ಮೆತ್ತೆಯಿತ್ತು. ಒಂದು ವಾರದ ಬೆವರಿಗೆ ಅದು ಸುಲಿದು, ಮಾವನ ಕೆನ್ನೆಯ ಮೇಲೆ ಕಪ್ಪು ಚುಕ್ಕೆಗಳು ಅಂಟಿಕೊಳ್ಳತೊಡಗಿದವು. ಶಾಲೆಯ ಜವಾನರು ಅದನ್ನು ದೃಷ್ಟಿಬೊಟ್ಟು ಎಂದುಕೊಂಡು, "ಸಾರ್‌ಗೆ ಯಾರ ಕಣ್ಣು ಬೀಳುತ್ತೆ ಈ ವಯಸ್ಸಲ್ಲಿ?" ಎಂದು ಚಿಂತಿಸಿದರಂತೆ.

ಇನ್ನೆರಡು ಒಂದೇ ದಿನದಲ್ಲಿ ಅಂಗಡಿಗೆ ವಾಪಸಾದವು. ಕೊನೆಗೆ ಮಾವ ಕಂಪನಿಗಳ ಮೇಲಿನ ನಂಬಿಕೆ ಬಿಟ್ಟು ತಾವೇ ಕೆಲಸಕ್ಕೆ ಕೂತರು. ನೂಲು ತೆಗೆದ ಮೇಲೆ ಉಳಿಯುವ ರೇಷ್ಮೆಯನ್ನು ತಂದು, ತೊಳೆದು, ಹಿಂಜಿ, ಅತ್ತೆಯ ಹಳೆಯ ರವಿಕೆಯ ಬಟ್ಟೆಯಲ್ಲಿ ತುಂಬಿ ಕಿವಿಗೆರಡು ದಿಂಬು ಹೊಲಿದರು. ನೆತ್ತಿ ನೋಯದಿರಲೆಂದು ಹೆಂಗಸರು ಕೊಡದ ಕೆಳಗಿಡುವ ಸಿಂಬಿಯನ್ನೇ ಟವೆಲಿನಲ್ಲಿ ಸುತ್ತಿ ಪಟ್ಟಿಯ ಕೆಳಗೆ ಕಟ್ಟಿದರು. ಅದನ್ನು ಹಾಕಿಕೊಂಡು ಹಜಾರಕ್ಕೆ ಬಂದು ನಿಂತಾಗ ಅವರ ತಲೆಯ ಮೇಲೆ ಒಂದು ಬಿಂದಿಗೆ ಇಡುವುದಷ್ಟೇ ಬಾಕಿ ಇತ್ತು.

"ಹೆಂಗಿದೆ ಅಮ್ಮಣ್ಣಿ?"

"ಚೆನ್ನಾಗಿದೆ ಮಾವ. ಈಗ ಹಾಡು ಸರಿಯಾಗಿ ಕೇಳಿಸುತ್ತಾ?"

ಮಾವ ಹೆಡ್‌ಫೋನಿನ ಮೇಲೆ ಕೈಯಿಟ್ಟು, ಸದ್ದು ಏರಿಸಿ, ಇನ್ನೂ ಏರಿಸಿ, "ಮೆತ್ತಗಿದೆ" ಎಂದರು. ನಾನು ಕೇಳಿದ್ದು ಅದನ್ನಲ್ಲ.

ಆ ರಾತ್ರಿಯ ಊಟದಿಂದ ನಾನು ಒಂದು ಲೆಕ್ಕ ಇಡತೊಡಗಿದೆ. ಓದಿದ್ದು ಯಾವತ್ತಾದರೂ ಉಪಯೋಗಕ್ಕೆ ಬರಬೇಕಲ್ಲ! ಮಾವನ ಎಡಗಡೆ ಕೂತು ಹತ್ತು ಸಲ, ಬಲಗಡೆ ಕೂತು ಹತ್ತು ಸಲ ಸಾಂಬಾರು ಕೇಳಿದೆ. ಎಡಗಡೆಯಿಂದ ಕೇಳಿದಾಗ ಹತ್ತಕ್ಕೆ ಹತ್ತು ಸಲವೂ ಸಾಂಬಾರು ಬಂತು. ಬಲಗಡೆಯಿಂದ ಒಂದು ಸಲ ಮಾತ್ರ ಬಂತು, ಅದೂ ಅತ್ತೆ ಬಡಿಸಿದ್ದು.

ಲೆಕ್ಕ ಮುಗಿದ ವಾರದ ಶನಿವಾರ ನನಗೆ ಹೊಸ ಚಪ್ಪಲಿ ಬೇಕೆಂದು ಸುಳ್ಳು ಹೇಳಿ ಮಾವನನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಚಪ್ಪಲಿ ಅಂಗಡಿಯ ಬದಲು ಕಿವಿ ಪರೀಕ್ಷೆ ಮಾಡುವಲ್ಲಿಗೆ ಬಂದದ್ದು ಕಂಡು ಅವರು ನನ್ನನ್ನೇ ನೋಡಿದರು. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ನನ್ನ ವಯಸ್ಸಿನ ಹುಡುಗಿಯೊಬ್ಬಳು ಅವರ ತಲೆಗೆ ಪರೀಕ್ಷೆಯ ಹೆಡ್‌ಫೋನ್ ಹಾಕಿದಳು. ಮಾವನ ಮುಖ ಅರಳಿತು.

"ಏನಮ್ಮಾ ಇದು! ಇದೇ ಕಣಮ್ಮ ನಾನು ಹುಡುಕ್ತಿದ್ದಿದ್ದು! ಎಲ್ಲಿ ಸಿಗುತ್ತೆ?"

"ಸಾರ್, ಅದು ಕಿವಿ ಟೆಸ್ಟ್ ಮಾಡೋ ಮಿಷನ್‌ದು. ಮಾರಾಟಕ್ಕಿಲ್ಲ. ಸದ್ದು ಕೇಳಿದ ತಕ್ಷಣ ಕೈ ಎತ್ತಿ."

ಮಾವ ಕೈ ಎತ್ತಿದರು. ಡಿಜೆ ಎತ್ತುವ ಹಾಗೆ, ಛತ್ರದ ಜನರನ್ನೆಲ್ಲ ಕುಣಿತಕ್ಕೆ ಕರೆಯುವ ಹಾಗೆ! "ಸಾರ್, ಬೀಸೋದು ಬೇಡ, ಬರೀ ಎತ್ತಿದ್ರೆ ಸಾಕು," ಎಂದಳು ಹುಡುಗಿ. ಎಡಗಿವಿಗೆ ಸದ್ದು ಬಿಟ್ಟಷ್ಟು ಹೊತ್ತು ಕೈ ಟಕ್ ಟಕ್ಕೆಂದು ಏಳುತ್ತಿತ್ತು. ಆಮೇಲೆ ಅವಳು ಬಲಗಿವಿಗೆ ಬದಲಾಯಿಸಿದಳು. ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಮಾವನ ಕೈ ತೊಡೆಯ ಮೇಲೆಯೇ ಇತ್ತು. ಅವರು ಕಿಟಕಿಯಾಚೆಯಿಂದ ನನ್ನನ್ನು ನೋಡಿ, ಪರೀಕ್ಷೆ ಇನ್ನೂ ಶುರುವಾಗಿಲ್ಲವೇನೋ ಎಂಬಂತೆ ನಕ್ಕರು.

ಹೊರಗೆ ಬಂದ ಮೇಲೆ, ಮಾವನ ಡಿಜೆ ಕೆಲಸದ ವಿಷಯ ನನ್ನಿಂದ ತಿಳಿದಿದ್ದ ಹುಡುಗಿ ಕಾಗದ ತೋರಿಸಿ ಕೇಳಿದಳು.

"ಡಿಜೆ ಮಾಡುವಾಗ ಯಾವ ಕಿವಿಗೆ ಹಾಕ್ತೀರ ಸಾರ್?"

"ಬಲಕ್ಕೆ."

"ಅಯ್ಯೋ! ಅದು ತಾನೇ ಮಂದ ಆಗಿರೋದು? ಸದ್ದು ಕಮ್ಮಿ ಇಟ್ಕೊಂಡು ಎಡಕ್ಕೆ ಹಾಕ್ಕೊಳ್ಳಿ. ನಿಮ್ಮ ಹಾಡು ಒಂದೂ ತಪ್ಪಲ್ಲ."

ಏಳು ಹೆಡ್‌ಫೋನ್, ಒಂದು ಬಕೆಟ್ ಹಾಲು, ಒಂದು ರವಿಕೆ! ಇಷ್ಟು ಸುಲಭದ ಉತ್ತರಕ್ಕೆ! ನಾನು ನಗುವುದರಲ್ಲಿದ್ದೆ. ಅಷ್ಟರಲ್ಲಿ ಮಾವ, ಯಾವುದೋ ಹಳೆಯ ಕಡತದ ವಿಷಯ ಹೇಳುವವರಂತೆ, ತಣ್ಣಗೆ ಹೇಳಿದರು.

"ಗೊತ್ತಮ್ಮ. ಒಂದು ವರ್ಷದಿಂದ ಗೊತ್ತು."

"ಮತ್ಯಾಕೆ ಸಾರ್?"

ಮಾವ ನನ್ನತ್ತ ತಲೆಯಾಡಿಸಿದರು.

"ಎಡಗಿವಿ ಮುಚ್ಚಿದ್ರೆ ಇವಳು ಹೇಳೋದು ಕೇಳ್ಸಲ್ಲಮ್ಮ. ಇವಳು ದಿನಕ್ಕೆ ಆಡೋದೇ ನಾಕು ಮಾತು. ಹಾಡಾದ್ರೆ ಜೋರು ಮಾಡೋಕೆ ಬಟನ್ ಇದೆ. ಇವಳಿಗೆ ಎಲ್ಲಿದೆ ಬಟನ್ನು?"

ಹುಡುಗಿ ನಕ್ಕಳು. ನಾನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದೆ. ಮಡಿಕೆ ಸರಿ ಬರಲಿಲ್ಲವೆಂದು ತೆಗೆದು ಮತ್ತೆ ಮಡಿಸಿದೆ. ಜಂಗಮಕೋಟೆಯ ಬಸ್ಸಿನಲ್ಲಿ ಮಾವನ ಎಡಗಡೆಯೇ ಕೂತೆ. ಇಡೀ ದಾರಿ ಒಂದು ಮಾತೂ ಆಡಲಿಲ್ಲ. ಮಾವ ಆ ಕಿವಿಯನ್ನು ಖಾಲಿಯಾಗಿಯೇ ಇಟ್ಟುಕೊಂಡು ಕೂತಿದ್ದರು.

ನಂದಿಯ ಮದುವೆಯ ದಿನ ಅತ್ತೆಯೂ ಬಂದಿದ್ದರು, ಸಾಕ್ಷಿ ನುಡಿಯುವವರಂತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಮಾವ ಸಿಂಬಿ, ದಿಂಬುಗಳ ಸಮೇತ ಹೆಡ್‌ಫೋನ್ ಏರಿಸಿ, ಎಂದಿನಂತೆ ಬಲಗಿವಿಗೆ ಇಟ್ಟುಕೊಂಡರು. ಮದುಮಕ್ಕಳು ಬಾಗಿಲಿಗೆ ಬಂದು ನಿಂತರು. ನಾನು ಎಡಗಡೆಯ ಕುರ್ಚಿಯಿಂದ ಎದ್ದು, ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅವರ ಬಲಗಡೆ ಹಾಕಿ ನಿಂತೆ.

"ಮಾವಾ! ಎಡಗಿವಿಗೆ ಹಾಕ್ಕೊಳ್ಳಿ! ನಾನು ಈ ಕಡೆಯಿಂದ ಕೂಗ್ತೀನಿ!"

ವಾಲಗದವರು ತಿರುಗಿ ನೋಡಿದರು. ಅತ್ತೆ ಬಾಯಿ ತೆರೆದವರು ಮುಚ್ಚಲಿಲ್ಲ. ನಮ್ಮ ಕಾಲೇಜಿನ ಕೊನೆಯ ಬೆಂಚಿಗೂ ಕೇಳಿಸಿರಬಹುದು. ಮಾವ ನನ್ನನ್ನು ನೋಡಿದರು, ಜೇಬಿನ ಪೆನ್ನು ಸರಿಮಾಡಿಕೊಂಡರು, ಹೆಡ್‌ಫೋನನ್ನು ಮೆಲ್ಲಗೆ ಎಡಗಿವಿಯ ಮೇಲಕ್ಕೆ ಎಳೆದುಕೊಂಡರು.

ಅವತ್ತು ಮದುಮಗಳು ಒಂದೇ ಸಲ ಒಳಗೆ ಬಂದಳು.