ಧ್ಯಾನಕ್ಕೆ ಕೂತ ಶುಕ್ರವಾರ

ಓದಿದ್ದನ್ನು ತಾನು ಮಾಡಿ ನೋಡದೆ ನಾಲ್ಕು ಜನರಿಗೆ ಹೇಳಬಾರದು ಎಂಬ ಅಳುಕೇ ಮೀನಾಕ್ಷಮ್ಮನಿಗೆ ಮುಳುವಾಯಿತು. ಅಂದು ಸಂಜೆ ಮಂಡ್ಯದ ಮಹಿಳಾ ಸಮಾಜದಲ್ಲಿ ಅವಳ ಭಾಷಣ: 'ಬೌದ್ಧರ ಎರಡು ದಾರಿ'. ಮೆಚ್ಚಿದರೆ ಸಮಾಜದ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ. ಇಲ್ಲದಿದ್ದರೆ ಕಲಿತ ಬಿ.ಎ. ಮದ್ದೂರಿನ ಒಲೆಯ ಮುಂದೆಯೇ ಬೂದಿ.

ಸಿಂಹಳದ ಭಿಕ್ಷುಗಳದು ನಿಧಾನದ ದಾರಿ. ಬರುವ ಉಸಿರು, ಹೋಗುವ ಉಸಿರು ನೋಡುತ್ತ ಮನಸ್ಸನ್ನು ದಿನದಿನವೂ ತಿಳಿಯಾಗಿಸಬೇಕು. ಜಪಾನಿನ ಕೆಲವು ಗುರುಗಳಿಗೆ ಅಷ್ಟು ತಾಳ್ಮೆಯಿಲ್ಲ. ಒಂದು ಕೂಗು, ಒಂದು ಪೆಟ್ಟು; ಶಿಷ್ಯನಿಗೆ ಥಟ್ಟನೆ ಅರಿವು. ಯಾವುದು ಮೇಲು? ತಲೆಗೆ ನೀರು ಹಾಕಿಕೊಂಡವಳು ಕೂದಲು ಹರವಿ, ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂತಳು.

ಅತ್ತೆ ಚಿಕ್ಕನಂಜಮ್ಮ ಇಣುಕಿದರು. ಬಿಚ್ಚಿದ ಕೂದಲು, ಬುಸಬುಸ ಉಸಿರು, ಶುಕ್ರವಾರ ಬೇರೆ.

"ಅಯ್ಯೋ, ದೇವಿರಮ್ಮಾ, ಬಾರವ್ವಾ! ನಮ್ ಸೊಸೆ ಮೈಮ್ಯಾಲೆ ಅಮ್ಮ ಬಂದವ್ಳೆ!"

ಪಕ್ಕದ ಮನೆಯ ದೇವಿರಮ್ಮನ ಹಿಂದೆ ಇಡೀ ಬೀದಿಯೇ ಬಂತು.

"ತಾಯಿ, ನನ್ ಕೆಂದ ಕೋಳಿ ನೆನ್ನೆಯಿಂದ ಕಾಣ್ದು. ಎಲ್ಲೋಯ್ತು, ಯೋಳವ್ವ."

"ನಾನು ಧ್ಯಾನ ಮಾಡ್ತಿದೀನಿ ದೇವಿರಮ್ಮ. ನಿಮ್ಮ ಕೋಳಿ ತಾನೇ ಬರುತ್ತೆ, ಹೋಗಿ!"

ಆ ಹಾಳು ಕೋಳಿ ಆಗಲೇ ಬಚ್ಚಲ ಸಂದಿಯಿಂದ ಕೊಕ್ಕೊಕ್ಕೋ ಎನ್ನುತ್ತ ಬರಬೇಕೆ! ಜನ ದಬದಬನೆ ಅಡ್ಡಬಿದ್ದರು. ಮಗಳ ಮದುವೆ, ಎಮ್ಮೆಯ ಹಾಲು, ಗಂಡನ ಕೆಮ್ಮು, ಒಂದಾದ ಮೇಲೊಂದು ಪ್ರಶ್ನೆ.

"ಅತ್ತೆ, ನಂಗೆ ಬಸ್ಸಿಗೆ ಹೊತ್ತಾಯ್ತು!" ಮೀನಾಕ್ಷಮ್ಮ ಎದ್ದಳು.

"ಅಮ್ಮ ಉಗ್ರವಾದ್ಲು! ತಣ್ಣಗ್ ಮಾಡ್ರೇ!"

ಬಿಂದಿಗೆ ಅರಿಸಿನದ ನೀರು ತಲೆಯ ಮೇಲೆ ಬಿತ್ತು. ಬೇವಿನ ಸೊಪ್ಪಿನ ಪೆಟ್ಟು ಬೆನ್ನಿಗೆ ಬಿತ್ತು. ಮೀನಾಕ್ಷಮ್ಮನಿಗೂ ಥಟ್ಟನೆ ಅರಿವಾಯಿತು: ಈಗ ಓಡದಿದ್ದರೆ ಬಸ್ಸು ಸಿಕ್ಕುವುದಿಲ್ಲ.

ಬಸ್ಸಿನಲ್ಲಿ ನೆಂದ ಕೋಳಿಯಂತೆ ಮುದುರಿ ಕೂತು, ಭಾಷಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡಳು. ದಾರಿಯಲ್ಲಿ ಎದುರು ಬಸ್ಸೊಂದು ಧೂಳೆಬ್ಬಿಸಿ ಹೋಯಿತು. ಅದರ ತುಂಬ ರೇಷ್ಮೆ ಸೀರೆಯ ಹೆಂಗಸರು. ಪುಣ್ಯವಂತರು, ಯಾವುದೋ ಮದುವೆಗೆ ಹೊರಟಿದ್ದಾರೆ ಎಂದುಕೊಂಡಳು.

ಸಮಾಜದಲ್ಲಿ ಕುರ್ಚಿಗಳಿದ್ದವು, ಹೂವಿನ ಹಾರವಿತ್ತು, ಜನರಿರಲಿಲ್ಲ. ಕಾವಲುಗಾರ ಕರಿಸಿದ್ದಯ್ಯ ಬೀಡಿ ಆರಿಸಿ ಎದ್ದುನಿಂತ.

"ಯಾರೂ ಇಲ್ಲ ಕಣಮ್ಮ. ಮದ್ದೂರ್ನಾಗೆ ಯಾರೋ ಎಣ್ಮಗಳ ಮೈಮ್ಯಾಲೆ ಅಮ್ಮ ಬಂದು, ಕಳ್ದೋಗಿದ್ ಕೋಳಿಯ ಕರ್ದು ತೋರಿಸುದ್ಲಂತೆ. ಇದ್ಕೂ ಮುಂಚಿನ್ ಬಸ್ಸಿನ ಡ್ರೈವರ್ರು ಬಂದು ಯೋಳ್ದ. ಎಲ್ಲಾ ಎದ್ದು ಅಲ್ಲಿಗೇ ಓದ್ರು."

ಮೀನಾಕ್ಷಮ್ಮ ಒದ್ದೆ ಸೆರಗು ಹಿಂಡಿದಳು. "ಶಾಲೆ ಕೆಲಸದ ವಿಚಾರ ಏನಾದ್ರೂ ಹೇಳಿದ್ರಾ?"

"ಊ ಕಣಮ್ಮ. ಅದ ಯಾರ್ಗ್ ಕೊಡ್ಬೇಕು ಅಂತ ಆ ಅಮ್ಮನ್ನೇ ಕೇಳ್ಕ ಬತ್ತೀವಿ, ಅವ್ಳು ಯಾರ್ ಎಸ್ರು ಯೋಳ್ತಾಳೋ ಅವ್ರಿಗೇ ಅಂದ್ರು ಪ್ರೆಸಿಡೆಂಟಮ್ಮಾರು."

"ಅಯ್ಯೋ! ಈಗ ಮದ್ದೂರಿಗೆ ಬಸ್ಸು?"

"ಅವ್ರು ಓದುದ್ದೇ ಕಡೇ ಬಸ್ಸು."

ಮೀನಾಕ್ಷಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿದಳು. ಈಗ ಅವಳನ್ನು ಎಬ್ಬಿಸುವವರು ಯಾರೂ ಇರಲಿಲ್ಲ.